ಗುಂಡಿ ನುಂಗಿದ್ದಕ್ಕಿಂತ ದಾರ ನುಂಗಿದರೆ ಬೆಕ್ಕಿಗೆ ಯಾಕೆ ಜಾಸ್ತಿ ಅಪಾಯ?

ದಾರ ಕರುಳನ್ನೇ ಕೊಯ್ದುಬಿಡಬಹುದು, ಅದಕ್ಕೆ. ಸಣ್ಣ ಗುಂಡಿ ಎಷ್ಟೋ ಸಲ ಮಲದ ಜೊತೆ ಹೊರಬರುತ್ತದೆ. ದಾರ ಹಾಗಲ್ಲ. ಒಂದು ತುದಿ ನಾಲಿಗೆಯ ಬುಡಕ್ಕೋ, ಜಠರದ ಕೊನೆಗೋ ಸಿಕ್ಕಿಕೊಳ್ಳುತ್ತದೆ. ಉಳಿದದ್ದು ಕರುಳಿಗೆ ಇಳಿಯುತ್ತದೆ. ಕರುಳು ಅದನ್ನು ಮುಂದಕ್ಕೆ ತಳ್ಳುತ್ತಲೇ ಇರುತ್ತದೆ, ದಾರ ಮಾತ್ರ ಜಗ್ಗುವುದಿಲ್ಲ. ಆಗ ಲಾಡಿ ಎಳೆದ ಬಟ್ಟೆಯ ಹಾಗೆ ಕರುಳೇ ನೆರಿಗೆ ನೆರಿಗೆಯಾಗಿ ಮುದುಡುತ್ತದೆ, ಬಿಗಿಯಾದ ದಾರ ಗರಗಸದಂತೆ ಅದನ್ನು ಉಜ್ಜುತ್ತದೆ.

ಬೆಕ್ಕು ಸುಮ್ನೆ ಉಗುಳಬಹುದಲ್ವಾ ಅನ್ನಿಸಬಹುದು. ಆದರೆ ಅದರ ನಾಲಿಗೆಯ ಮುಳ್ಳುಗಳು ಗಂಟಲಿನ ಕಡೆಗೇ ಬಾಗಿರುತ್ತವೆ. ಸಿಕ್ಕಿದ್ದು ಒಳಗೇ ಹೋಗುತ್ತದೆ.

ಬಾಯಲ್ಲೋ ಹಿಂಭಾಗದಲ್ಲೋ ದಾರ ಇಣುಕಿದರೆ ದಯವಿಟ್ಟು ಎಳೆಯಬೇಡಿ, ಕರುಳು ಹರಿಯಬಹುದು. ನುಂಗಿದ್ದು ಗೊತ್ತಾದರೆ ವಾಂತಿ ಶುರುವಾಗಲಿ ಎಂದು ಕಾಯದೆ ಪಶುವೈದ್ಯರಿಗೆ ತೋರಿಸಿ.