ವೈಪರ್ ಯಾಕೆ ಓಡಿತು ಅಂತ ಬರೆಯಿರಿ

ನಮಸ್ಕಾರ.

ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಅಜ್ಜನ 1964ರ ಮಾರಿಸ್ ಮೈನರ್ ಕಾರು, ಜೋರು ಮಳೆಯಲ್ಲಿ ನಿಂತುಹೋದ ವೈಪರ್, ಎರಡು ಭಾನುವಾರ ಕೂತು ನೀವೇ ಅದನ್ನು ರಿಪೇರಿ ಮಾಡಿದ್ದು. ವಿಷಯ ನನಗೆ ತುಂಬಾ ಹಿಡಿಸಿತು. ಆದರೆ ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ.

ಮೊದಲ ಎರಡು ಪುಟ ಬರೀ ಮಳೆ, ಮಣ್ಣಿನ ವಾಸನೆ. ಅದರಲ್ಲಿ ಒಂದು ಸಾಲು ಉಳಿಸಿಕೊಳ್ಳಿ, ಸಾಕು: ಅಜ್ಜ ಬಲಗೈಯನ್ನು ಕಿಟಕಿಯಿಂದ ಹೊರಗೆ ಚಾಚಿ ಬಟ್ಟೆಯಲ್ಲಿ ಗಾಜು ಒರೆಸುತ್ತಿದ್ದದ್ದು. ಈ ಕಾಯಿಲೆ ಅವರ ಕಾಲದ್ದೇ ಅಂತ ಅಷ್ಟರಲ್ಲೇ ಗೊತ್ತಾಗುತ್ತದೆ.

ನನ್ನ ದೊಡ್ಡ ತಕರಾರು ಮೂರನೇ ಪುಟದ್ದು. ‘ಸ್ವಿಚ್ ಆನ್ ಮಾಡಿ ನೋಡಿದರೆ ಅದರ ಟರ್ಮಿನಲ್‌ನಲ್ಲಿ 12 ವೋಲ್ಟ್ ಇತ್ತು, ಹಾಗಾಗಿ ಸ್ವಿಚ್ ಸರಿಯಿದೆ, ಮೋಟರ್ ಹೋಗಿದೆ ಅಂದುಕೊಂಡೆ’ ಎಂದು ಬರೆದಿದ್ದೀರಿ. ನಾಲ್ಕನೇ ಪುಟದಲ್ಲಿ ಹೊಸ ಸ್ವಿಚ್ ಹಾಕಿದ ಕೂಡಲೇ ವೈಪರ್ ಓಡುತ್ತದೆ. ನಡುವೆ ಏನಾಯಿತು? ಲೇಖನದ ಜೀವವೇ ಅಲ್ಲಿತ್ತು, ನೀವು ದಾಟಿಕೊಂಡು ಹೋಗಿಬಿಟ್ಟಿದ್ದೀರಿ.

ಮೈನರ್‌ನಲ್ಲಿ ವೈಪರ್ ಸ್ವಿಚ್ ಇರುವುದು ಅರ್ಥ್ ಕಡೆ, ಅಂದರೆ ಕರೆಂಟು ಕಾರಿನ ಬಾಡಿಯ ಮೂಲಕ ಬ್ಯಾಟರಿಗೆ ವಾಪಸ್ ಹೋಗುವ ಕಡೆ. ಫ್ಯೂಸ್‌ನಿಂದ ಹಸಿರು ವೈರ್ ನೇರ ಮೋಟರಿಗೆ ಹೋಗುತ್ತದೆ. ಮೋಟರಿನಿಂದ ಇನ್ನೊಂದು ವೈರ್ ಡ್ಯಾಶ್‌ಬೋರ್ಡಿನ ಸ್ವಿಚ್ಚಿಗೆ, ಅಲ್ಲಿಂದ ಕಾರಿನ ಬಾಡಿಗೆ. ಸ್ವಿಚ್ ಆನ್ ಆದರೆ ಮೋಟರ್ ಕಡೆಯ ಟರ್ಮಿನಲ್‌ಗೆ ಅರ್ಥ್ ಸಿಗಬೇಕು, ಅಲ್ಲಿ ವೋಲ್ಟೇಜ್ ಸೊನ್ನೆಯ ಹತ್ತಿರ ಇಳಿಯಬೇಕು. ನಿಮಗೆ 12 ವೋಲ್ಟ್ ಪೂರ್ತಿ ಸಿಕ್ಕಿತು. ಅಂದರೆ ಫ್ಯೂಸ್ ಸರಿಯಿದೆ, ಮೋಟರಿನ ಸುರುಳಿಯೂ ತುಂಡಾಗಿಲ್ಲ. ತುಂಡಾಗಿದ್ದು ಸ್ವಿಚ್ಚಿನೊಳಗೆ, ಇಲ್ಲವೇ ಅದರ ಅರ್ಥ್ ವೈರಿನಲ್ಲಿ. ಸರಿಯಾದ ಉತ್ತರ ಕೈಯಲ್ಲೇ ಇತ್ತು, ನೀವು ಅದನ್ನು ತಿರುಗುಮುರುಗಾಗಿ ಓದಿದಿರಿ. ಅದನ್ನೇ ಬರೆಯಿರಿ. ಓದುವವರೂ ಇದೇ ತಪ್ಪು ಮಾಡುತ್ತಾರೆ.

ವೋಲ್ಟ್ ಅಳೆಯುವ ಮೀಟರ್ ಮೈನಸ್ ತೋರಿಸಿದ್ದಕ್ಕೆ ಅದು ಕೆಟ್ಟಿದೆ ಎಂದು ಪಕ್ಕಕ್ಕಿಟ್ಟಿದ್ದೀರಿ. ಪಾಪ, ಮೀಟರಿನ ತಪ್ಪೇನೂ ಇಲ್ಲ. ಈ ಕಾರು ಕಾರ್ಖಾನೆಯಿಂದ ಬಂದದ್ದೇ ಪಾಸಿಟಿವ್ ಅರ್ಥ್ ಆಗಿ. ಬಾಡಿಯೇ ಪ್ಲಸ್. ಮೀಟರಿನ ಕೆಂಪು ವೈರನ್ನು ಬಾಡಿಗೆ ಹಿಡಿಯಬೇಕು.

ಫ್ಯೂಸ್ ಪೆಟ್ಟಿಗೆಗೆ ಅರ್ಧ ಪುಟ ಜಾಸ್ತಿ ಆಯಿತು. ಪೆಟ್ಟಿಗೆಯ ಎ3–ಎ4 ಟರ್ಮಿನಲ್‌ಗಳ ನಡುವಿನ 35 ಆಂಪಿಯರ್ ಫ್ಯೂಸಿನಿಂದಲೇ ವೈಪರಿನ ಜೊತೆ ಬ್ರೇಕ್ ಲೈಟ್, ಪೆಟ್ರೋಲ್ ಗೇಜ್ ಎರಡೂ ನಡೆಯುತ್ತವೆ. ಇಗ್ನಿಷನ್ ಆನ್ ಮಾಡಿದಾಗ ಗೇಜಿನ ಮುಳ್ಳು ಎದ್ದರೆ ಫ್ಯೂಸ್ ಸರಿಯಿದೆ. ಎರಡು ಸಾಲು ಸಾಕು.

ನೀವು ಸ್ವಿಚ್ಚಿನ ಮೋಟರ್ ಟರ್ಮಿನಲ್‌ನಿಂದ ಬಾಡಿಗೆ ಒಂದು ತುಂಡು ವೈರ್ ಕೊಟ್ಟು ನೋಡಿದ್ದು ಒಳ್ಳೆಯ ಪರೀಕ್ಷೆ. ಆದರೆ ‘ಯಾವ ಹಳೇ ಕಾರಿಗಾದರೂ ಹೀಗೇ ಮಾಡಿ’ ಅಂದಿದ್ದೀರಲ್ಲ, ಆ ಸಾಲನ್ನು ಇವತ್ತೇ ಹೊಡೆದುಹಾಕಿ. ಬೇರೆ ಕಾರುಗಳಲ್ಲಿ ಲೈವ್ ವೈರ್ ನೇರ ಸ್ವಿಚ್ಚಿಗೇ ಬಂದಿರಬಹುದು. ಅದನ್ನು ಬಾಡಿಗೆ ತಾಗಿಸಿದರೆ ಫ್ಯೂಸ್ ಹಾರುತ್ತದೆ. ಫ್ಯೂಸ್ ಇಲ್ಲದಿದ್ದರೆ ವೈರ್ ಹೊಗೆಯಾಡುತ್ತದೆ. ನಮ್ಮನ್ನು ನಂಬಿ ಯಾರೋ ತಮ್ಮ ಕಾರಿಗೆ ಕೈ ಹಾಕುತ್ತಾರೆ. ಯಾವ ಕಾರು, ಯಾವ ವರ್ಷ ಅಂತ ಮೊದಲ ಸಾಲುಗಳಲ್ಲೇ ಹೇಳಿಬಿಡಿ.

ಇನ್ನೊಂದು ವಿಷಯ. ಹೊಸ ಸ್ವಿಚ್ ಹಾಕುವಾಗ ಅರ್ಥ್ ಟರ್ಮಿನಲ್‌ನ ಕಿಲುಬನ್ನು ಉಪ್ಪುಕಾಗದದಿಂದ ಉಜ್ಜಿದೆ ಎಂದು ಆವರಣದಲ್ಲಿ ಬರೆದಿದ್ದೀರಿ. ಹಸಿರು ಪುಡಿ ಉದುರಿ ಕೆಳಗೆ ತಾಮ್ರ ಹೊಳೆದದ್ದು ಇಡೀ ಲೇಖನದಲ್ಲಿ ನನಗೆ ಕಣ್ಣಿಗೆ ಕಟ್ಟಿದ ಸಾಲು. ಆವರಣ ತೆಗೆದು ಅದನ್ನು ನಡುವೆ ತನ್ನಿ. ಎರಡು ಕೆಲಸ ಒಟ್ಟಿಗೆ ಮಾಡಿದಿರಿ. ವೈಪರ್ ಓಡಿದ್ದು ಯಾವುದರಿಂದ?

ಹಳೇ ಸ್ವಿಚ್ ಬಿಸಾಡಿಲ್ಲ ತಾನೇ? ಬ್ಯಾಟರಿ ವೈರ್ ಬಿಚ್ಚಿ, ಆ ಹಳೇ ಸ್ವಿಚ್ಚನ್ನೇ ವಾಪಸ್ ಕೂರಿಸಿ, ಬ್ಯಾಟರಿ ವೈರ್ ಮತ್ತೆ ಹಾಕಿ, ಒಮ್ಮೆ ಆನ್ ಮಾಡಿ ನೋಡಿ. ವೈಪರ್ ಓಡಿದರೂ ಓಡದಿದ್ದರೂ ಕಂಡದ್ದನ್ನು ಹಾಗೇ ಬರೆದು ಕಳಿಸಿ. ಮಳೆಗಾಲದ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ.

ಇಂತಿ,
ಸಂಪಾದಕ