ಮರಿ ಹಾಕಿದ್ದೆಲ್ಲ ಸಸ್ತನಿಯಲ್ಲ

ಪ್ರಶ್ನೆ: ಮಗಳು ಒಂದನೇ ತರಗತಿ. ‘ಬಾವಲಿ ಹಕ್ಕಿಯಾ, ಪ್ರಾಣಿಯಾ?’ ಅಂತ ಕೇಳುತ್ತಾಳೆ. ಮರಿ ಹಾಕುತ್ತೆ, ಅದಕ್ಕೇ ಸಸ್ತನಿ ಎಂದೆ. ಕಪ್ಪು ಚಾರ್ಟಿನಲ್ಲಿ ಬಾವಲಿ ಕತ್ತರಿಸಿಯೂ ಕೊಟ್ಟೆ. ‘ರೆಕ್ಕೆ ಇದೆಯಲ್ಲಾ’ ಅಂತಲೇ ಹಟ. ಹೇಗೆ ತಿಳಿಸಲಿ? – ಒಬ್ಬ ತಾಯಿ, ದಾವಣಗೆರೆ

ಉತ್ತರ: ಈ ಪ್ರಶ್ನೆ ಬಾರದ ತಿಂಗಳಿಲ್ಲ. ಹಕ್ಕಿಯೂ ಪ್ರಾಣಿಯೇ, ಅದಿರಲಿ. ತಪ್ಪಿರುವುದು ನಿಮ್ಮ ಉತ್ತರದಲ್ಲಿ. ಕೊಳಕುಮಂಡಲ ಹಾವೂ ಮರಿಯನ್ನೇ ಹಾಕುತ್ತದೆ, ಗಪ್ಪಿ ಮೀನೂ ಅಷ್ಟೇ. ಅತ್ತ ಆಸ್ಟ್ರೇಲಿಯಾದ ಪ್ಲಾಟಿಪಸ್ ಮೊಟ್ಟೆ ಇಟ್ಟರೂ ಸಸ್ತನಿ. ನೋಡಬೇಕಾದ್ದು ಮೈಮೇಲಿನ ಕೂದಲು, ಮರಿಗೆ ತಾಯಿ ಕೊಡುವ ಹಾಲು. ಬಾವಲಿಗೆ ಎರಡೂ ಇವೆ.

ಕಪ್ಪು ಚಾರ್ಟನ್ನು ಪಕ್ಕಕ್ಕಿಡಿ. ಅದರಲ್ಲಿ ರೆಕ್ಕೆಯ ಅಂಚಷ್ಟೇ ಕಾಣುತ್ತದೆ, ಒಳಗಿನ ಮೂಳೆ ಕಾಣುವುದಿಲ್ಲ. ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ಮಗಳು ಬೆರಳು ಅಗಲಿಸಿ ಕೈಯಿಡಲಿ. ಮೊಣಕೈತನಕ ಸುತ್ತ ಗೆರೆ ಎಳೆಯಿರಿ. ಹೆಬ್ಬೆರಳು ಇದ್ದಷ್ಟೇ ಇರಲಿ. ಉಳಿದ ನಾಲ್ಕು ಬೆರಳನ್ನು ಅವಳೇ ಕಾಗದದ ಅಂಚಿನತನಕ ಉದ್ದ ಮಾಡಿ, ಗೆರೆಯ ಮೇಲೆ ಹಂಚಿಕಡ್ಡಿ ಅಂಟಿಸಲಿ. ಅವು ಮೂಳೆ. ಪಕ್ಕದಲ್ಲಿ ಪುಟ್ಟ ಮೈ, ಹಿಂಗಾಲು. ಬೆರಳುಗಳ ನಡುವೆ, ಕಿರುಬೆರಳಿನಿಂದ ಹಿಂಗಾಲಿನವರೆಗೂ ಗಾಳಿಪಟದ ಕಾಗದ. ಅದು ಚರ್ಮ. ‘ಅಯ್ಯೋ, ಇದು ನನ್ನ ಕೈ!’ ಅಂತ ಅವಳೇ ಹೇಳುತ್ತಾಳೆ. ಸುಮ್ನೆ ಮೊದಲೇ ಹೇಳಿಕೊಡಬೇಡಿ. ಆಮೇಲೆ ಅಂಗಳದಲ್ಲಿ ಬಿದ್ದ ಕಾಗೆ ಗರಿಯೊಂದನ್ನು ಪಕ್ಕದಲ್ಲಿಡಿ, ಕೈ ತೊಳೆಸಿ. ಹಕ್ಕಿ ಹಾರುವುದು ಗರಿಯಲ್ಲಿ, ಬಾವಲಿ ಹಾರುವುದು ಬೆರಳಲ್ಲಿ.

ಹೆಬ್ಬೆರಳನ್ನು ಹಾಗೇ ಬಿಡಿ ಎಂದದ್ದಕ್ಕೆ ಕಾರಣವಿದೆ. ಬಾವಲಿ ತಲೆಕೆಳಗಾಗಿ ಇರುವುದರಿಂದ ಬಾಯಲ್ಲೇ ಕಕ್ಕಸು ಮಾಡುತ್ತದೆ ಅಂತ ಓದಿದವರೇ ಮಕ್ಕಳಿಗೆ ಹೇಳುತ್ತಾರೆ. ಶುದ್ಧ ಸುಳ್ಳು. ಹಣ್ಣು ತಿನ್ನುವ ದೊಡ್ಡ ಬಾವಲಿ ಹೆಬ್ಬೆರಳಿನ ಉಗುರನ್ನು ಕೊಂಬೆಗೆ ಸಿಕ್ಕಿಸಿ, ಕಾಲು ಬಿಟ್ಟು, ತಲೆ ಮೇಲಾಗಿ ತೂಗುತ್ತದೆ. ಕೆಲಸ ಮುಗಿಸಿ ಮತ್ತೆ ತಲೆಕೆಳಗೆ. ಹಣ್ಣಿನ ರಸ ಹೀರಿ ನಾರನ್ನು ಉಂಡೆಯಾಗಿ ಉಗುಳುವ ಅಭ್ಯಾಸವೂ ಇದೆ. ಅದನ್ನು ಕಂಡೇ ಯಾರೋ ಈ ಕಥೆ ಕಟ್ಟಿರಬೇಕು. ಕಣ್ಣು ಕಾಣುವುದಿಲ್ಲ ಅನ್ನುವುದೂ ಇದೇ ಜಾತಿಯ ಮಾತು. ಈ ದೊಡ್ಡ ಬಾವಲಿಯ ಕಣ್ಣು ದೊಡ್ಡದು, ಕತ್ತಲಲ್ಲೂ ಚೆನ್ನಾಗಿ ಕಾಣುತ್ತದೆ.

ಬಾವಲಿ ಇರುವ ಆಲದ ಮರವನ್ನು ದೂರದಿಂದ ತೋರಿಸಿ. ಬಿದ್ದ ಬಾವಲಿಯನ್ನು ಮಕ್ಕಳು ಮುಟ್ಟಬಾರದು, ಕಚ್ಚಿ ಬಿಟ್ಟ ಸೀಬೆಹಣ್ಣು ತಿನ್ನಬಾರದು. ರೇಬೀಸ್, ನಿಫಾ ವಿಷಯದಲ್ಲಿ ನನಗೆ ಹೆದರಿಕೆ ಸ್ವಲ್ಪ ಜಾಸ್ತಿಯೇ. ಇರಲಿ ಬಿಡಿ.

ಪ್ರಶ್ನೆ: ತಿಮಿಂಗಿಲದ ಕೊಬ್ಬು ಚಳಿ ತಡೆಯುವುದನ್ನು ತೋರಿಸಲು ಡಾಲ್ಡಾ, ಐಸ್ ನೀರಿನ ಪ್ರಯೋಗ ಮಾಡಿಸಿದೆ. ಮಕ್ಕಳ ಕೈಯೆಲ್ಲ ಜಿಡ್ಡು. – ಶಿಕ್ಷಕಿ, ತಿಪಟೂರು

ಉತ್ತರ: ಒಂದು ಪ್ಲಾಸ್ಟಿಕ್ ಕವರಿನೊಳಗೆ ಇನ್ನೊಂದು, ನಡುವೆ ಡಾಲ್ಡಾ. ಇನ್ನೊಂದು ಕೈಗೆ ಡಾಲ್ಡಾ ಇಲ್ಲದ ಎರಡು ಕವರ್. ಎರಡೂ ಕೈ ಒಟ್ಟಿಗೆ ನೀರಿಗೆ. ಆ ಬರೀ ಕವರಿನ ಕೈ ಇಲ್ಲದಿದ್ದರೆ ಅದು ಪ್ರಯೋಗವಲ್ಲ, ಬರೀ ಆಟ.

ಪ್ರಶ್ನೆ: ಆನೆ, ಹುಲಿ ಬಿಟ್ಟು ನಮ್ಮ ರಾಜ್ಯದ್ದೇ ಸಸ್ತನಿ ಒಂದನ್ನು ಚಿತ್ರಕ್ಕೆ ಹೇಳಿ.

ಉತ್ತರ: ಕೋಲಾರದ ಎಲೆಮೂಗಿನ ಬಾವಲಿ. ಈಗ ಅದು ಇರುವುದು ಕೋಲಾರ ಜಿಲ್ಲೆಯ ಹನುಮನಹಳ್ಳಿಯ ಗುಹೆಯಲ್ಲಿ ಮಾತ್ರ. ಚಿತ್ರ ಬರೆಸಿ, ಗುಹೆಗೆ ಟೂರ್ ಹೊರಡಿಸಬೇಡಿ.

ಪ್ರಶ್ನೆ: ಬಾವಲಿ ಎಣ್ಣೆ ಮಂಡಿನೋವಿಗೆ ಒಳ್ಳೆಯದಂತೆ, ಹೌದಾ?

ಉತ್ತರ: ಮಾರುವವನಿಗೆ ಬಾವಲಿಯೂ ಗೊತ್ತಿಲ್ಲ, ಮಂಡಿಯೂ ಗೊತ್ತಿಲ್ಲ. ಮೂಳೆ ಡಾಕ್ಟರಿಗೆ ತೋರಿಸಿ.

ಪ್ರಶ್ನೆ: ಮಕ್ಕಳಿಗೆ ತೋರಿಸಲು ಅಳಿಲ ಮರಿ ಸಾಕಬಹುದಾ?

ಉತ್ತರ: ಬೇಡ.