ಮಲಗಿದ ತಕ್ಷಣ ಶುರುವಾಗೋ ತುರಿಕೆಗೆ

ಲೈಕೆನ್ ಸ್ಕ್ಲೆರೋಸಸ್ (ಗುಪ್ತಾಂಗದ ಚರ್ಮ ಬೆಳ್ಳಗಾಗಿ ತುರಿಸೋ ಕಾಯಿಲೆ) ಇದೆ, ಹಗಲು ಹೇಗೋ ಕಳೆಯುತ್ತೆ, ರಾತ್ರಿ ಗುಪ್ತಾಂಗದ ತುರಿಕೆಗೆ ನಿದ್ದೆಯಿಲ್ಲ, ಸ್ಟೀರಾಯ್ಡ್ ಮುಲಾಮಿಗೆ ಹೆದರಿ ನಿಲ್ಲಿಸಿದ್ದೀನಿ ಅಂದಿದ್ದೀರಿ. ನನಗೂ ಇದೇ ಕಾಯಿಲೆ.

ರಾತ್ರಿ ಜಾಸ್ತಿಯಾಗೋದು ನಿಮ್ಮ ಭ್ರಮೆಯಲ್ಲ. ಸಂಜೆ ಮೇಲೆ ಉರಿಯೂತ ತಗ್ಗಿಸೋ ದೇಹದ ಹಾರ್ಮೋನ್ ಕಾರ್ಟಿಸಾಲ್ ಇಳಿಯುತ್ತೆ, ಚರ್ಮ ಬೆಚ್ಚಗಾಗುತ್ತೆ, ಮನಸ್ಸಿಗೂ ಬೇರೆ ಕೆಲಸ ಇರಲ್ಲ.

ಆದರೆ ಮುಲಾಮು ಬಿಟ್ಟು ಉಳಿದದ್ದೆಲ್ಲ ತಾತ್ಕಾಲಿಕ. ಸಾಮಾನ್ಯವಾಗಿ ಕ್ಲೊಬೆಟಸಾಲ್ 0.05% ಅನ್ನೋ ಪ್ರಬಲ ಸ್ಟೀರಾಯ್ಡ್ ಮುಲಾಮು ಕೊಡ್ತಾರೆ: ಮೊದಲ ತಿಂಗಳು ದಿನಕ್ಕೊಮ್ಮೆ, ಆಮೇಲೆ ದಿನ ಬಿಟ್ಟು ದಿನ, ಮೂರನೇ ತಿಂಗಳು ವಾರಕ್ಕೆರಡು ಸಲ. ಜೊತೆಗಿರೋ ಚೀಟಿಯಲ್ಲಿ ಆ ಜಾಗಕ್ಕೆ ಬೇಡ ಅಂತಿದ್ದದ್ದು ಓದಿ ಗಾಬರಿಯಾಗಿರ್ತೀರಿ; ಈ ಕಾಯಿಲೆಗೆ ವೈದ್ಯರು ಗೊತ್ತಿದ್ದೇ ಬರೆದಿರ್ತಾರೆ. ಅವರನ್ನೇ ಕೇಳಿ ಮತ್ತೆ ಶುರು ಮಾಡಿ. ಕನ್ನಡಿ ಹಿಡಿದು, ಬೆಳ್ಳಗಾದ ಕಡೆ ಮಾತ್ರ ತೆಳುವಾಗಿ ಹಚ್ಚಿ. ಅರ್ಧ ಗಂಟೆ ಬಿಟ್ಟು ಪೆಟ್ರೋಲಿಯಂ ಜೆಲ್ಲಿ.

ನಡುರಾತ್ರಿ ಎಚ್ಚರವಾದರೆ ತಣ್ಣೀರಲ್ಲಿ ಅದ್ದಿ ಹಿಂಡಿದ ಹತ್ತಿಬಟ್ಟೆ ಐದು ನಿಮಿಷ ಇಟ್ಟುಕೊಳ್ಳಿ, ಉಜ್ಜದೆ ಒತ್ತಿ ಒರೆಸಿ, ಮತ್ತೆ ಜೆಲ್ಲಿ. ಐಸನ್ನು ನೇರ ಇಡಬೇಡಿ. ಉಗುರು ಗಿಡ್ಡವಿರಲಿ, ಕೈ ನಿದ್ದೆಯಲ್ಲೂ ಸುಮ್ಮನಿರಲ್ಲ! ಒಳಉಡುಪಿಲ್ಲದೆ ಮಲಗಿ. ಸೋಪು, ವೆಟ್ ವೈಪ್ಸ್ ಬೇಡವೇ ಬೇಡ. ಮರಗಟ್ಟಿಸೋ ಬೆಂಜೊಕೇನ್ ಕ್ರೀಮನ್ನೂ ದೂರವಿಡಿ, ಅದರಿಂದಲೇ ಅಲರ್ಜಿ ಆಗಬಹುದು. ನಿದ್ದೆ ಬರಿಸೋ ಅಲರ್ಜಿ ಮಾತ್ರೆ ನಿಮಗೆ ಆಗುತ್ತಾ ಅಂತ ವೈದ್ಯರನ್ನು ಕೇಳಿ. ಕೆಲವು ದಿನ ನಿದ್ದೆ ಸಿಕ್ಕರೂ ದೊಡ್ಡದು.

ಸರಿಯಾಗಿ ಹಚ್ಚಿಯೂ ಇಳಿಯದಿದ್ದರೆ ಫಂಗಸ್ ಸೇರಿಕೊಂಡಿರಬಹುದು, ಪರೀಕ್ಷೆ ಮಾಡಿಸಿ. ವಾಸಿಯಾಗದ ಹುಣ್ಣೋ ಗಟ್ಟಿ ಗಂಟೋ ಕಂಡರೆ ಮಾತ್ರ ಮುಂದಿನ ಅಪಾಯಿಂಟ್‌ಮೆಂಟ್‌ವರೆಗೆ ಕಾಯಬೇಡಿ, ಅಪರೂಪಕ್ಕೆ ಇದು ಕ್ಯಾನ್ಸರಿಗೆ ತಿರುಗೋದುಂಟು.